ಕೆಳಹರಿವಿನವರಿಗೂ ಬೇಡವೆನ್ನುವ ಹಕ್ಕು ಬೇಕು

ಅಮೆರಿಕದ ಮಿನೆಸೋಟಾದ ಫಾಂಡ್ ಡು ಲ್ಯಾಕ್ ಬುಡಕಟ್ಟಿನವರು ದೋಣಿಯಲ್ಲಿ ಕೂತು, ಕೋಲಿನಿಂದ ತೆನೆ ಬಡಿದು ಕಾಡುಭತ್ತ ಉದುರಿಸಿಕೊಳ್ಳುತ್ತಾರೆ. ನೀರು ಕೆಟ್ಟರೆ ಆ ಬೆಳೆ ಉಳಿಯದು. ಅವರ ನೆಲದ ಪಕ್ಕದ ಸೇಂಟ್ ಲೂಯಿಸ್ ನದಿಯ ಮೇಲ್ಭಾಗದಲ್ಲಿ ಪಾಲಿಮೆಟ್ ಕಂಪನಿ ತಾಮ್ರ-ನಿಕ್ಕಲ್ ಗಣಿ ತೆರೆಯಲು ಹೊರಟಿತ್ತು. ಅದಕ್ಕಾಗಿ 900ಕ್ಕೂ ಹೆಚ್ಚು ಎಕರೆ ಜೌಗುನೆಲ ನಾಶವಾಗಲಿತ್ತು. 2019ರಲ್ಲಿ ಸೇನೆಯ ಎಂಜಿನಿಯರಿಂಗ್ ವಿಭಾಗ ಪರವಾನಗಿಯನ್ನೂ ಕೊಟ್ಟಿತು.

2023ರ ಜೂನ್‌ನಲ್ಲಿ ಅದೇ ವಿಭಾಗ ಪರವಾನಗಿ ರದ್ದುಪಡಿಸಿತು.

ಕಾರಣ, ಬುಡಕಟ್ಟು ತಾನೇ ರೂಪಿಸಿಕೊಂಡ ನೀರಿನ ಗುಣಮಟ್ಟದ ನಿಯಮ. ಮೀನಿನ ಮೈಯಲ್ಲಿ ಸೇರಿಕೊಂಡು ತಿನ್ನುವವರ ದೇಹ ಹೊಗುವ ಪಾದರಸಕ್ಕೆ ಅಲ್ಲಿ ಬಿಗಿಯಾದ ಮಿತಿಯಿದೆ. ಗಣಿ ಅದನ್ನು ಪಾಲಿಸಲಾರದು ಎಂದಾಯಿತು. 1972ರ ಶುದ್ಧ ಜಲ ಕಾಯ್ದೆಯ 401ನೇ ಕಲಮಿನ ಪ್ರಕಾರ ಇಂಥ ಪರವಾನಗಿಗೆ ಮೊದಲು ನೀರಿನ ಪ್ರಮಾಣಪತ್ರ ಬೇಕು. ಕೆಳಹರಿವಿನವರ ಆಕ್ಷೇಪವನ್ನೂ ಕೇಳಬೇಕು. 1987ರ ತಿದ್ದುಪಡಿ ಬುಡಕಟ್ಟುಗಳೂ ರಾಜ್ಯಗಳಂತೆ ನೀರಿನ ನಿಯಮ ರೂಪಿಸುವ, ಆಕ್ಷೇಪಿಸುವ ಅಧಿಕಾರ ಪಡೆಯಲು ದಾರಿ ಮಾಡಿತು.

ಆದರೆ ಫೆಡರಲ್ ಮಾನ್ಯತೆಯುಳ್ಳ 570ಕ್ಕೂ ಹೆಚ್ಚು ಬುಡಕಟ್ಟುಗಳಲ್ಲಿ ಆ ಅಧಿಕಾರ ಪಡೆದಿರುವವು ನೂರಕ್ಕಿಂತ ಕಡಿಮೆ. ನೀರು ಪರೀಕ್ಷಿಸಲು ಪ್ರಯೋಗಾಲಯ ಬೇಕು, ತಜ್ಞರು ಬೇಕು, ವಕೀಲರು ಬೇಕು. ಅಷ್ಟು ಹಣ ಸಣ್ಣ ಸಮುದಾಯಗಳ ಕೈಯಲ್ಲಿಲ್ಲ. ಆ ವೆಚ್ಚವನ್ನು ಫೆಡರಲ್ ಸರ್ಕಾರವೇ ಹೊರಬೇಕು.