ಬಾಗಿಲು ಮನೆಯದು, ಬೀದಿ ಎಲ್ಲರದು

ಇಂಗ್ಲೆಂಡಿನ ಒಂದು ಪಟ್ಟಣ. ಅಲ್ಲಿ ಒಂದಕ್ಕೊಂದು ಗೋಡೆ ಹಂಚಿಕೊಂಡು ಸಾಲಾಗಿ ನಿಂತ ಇಪ್ಪತ್ತು ಇಟ್ಟಿಗೆ ಮನೆಗಳು. ಎಲ್ಲವೂ 19ನೇ ಶತಮಾನದ ಕೊನೆಯಲ್ಲಿ ಒಟ್ಟಿಗೇ ಎದ್ದವು. ಅವುಗಳಲ್ಲಿ ಒಂದನ್ನು ಇಬ್ಬರು ಮಕ್ಕಳಿರುವ ಕುಟುಂಬವೊಂದು ಕೊಂಡಿದೆ ಎಂದಿಟ್ಟುಕೊಳ್ಳಿ. ಚಳಿಗಾಲ ಬಂದೊಡನೆ ಮುಂಬಾಗಿಲ ಸಂದಿಯಿಂದ ಕೊರೆಯುವ ಗಾಳಿ ಒಳನುಗ್ಗುತ್ತದೆ. ಬಾಗಿಲಿನ ಕೆಳಭಾಗ ಮಳೆನೀರು ಕುಡಿದು ಮೆತ್ತಗಾಗಿದೆ. ಪೇಟೆಯಲ್ಲಿ ಹೊಳೆಯುವ ಬಿಳಿ ಪ್ಲಾಸ್ಟಿಕ್ ಬಾಗಿಲು ಸಿಗುತ್ತದೆ. ಅದಕ್ಕೆ ಬಣ್ಣ ಬಳಿಯುವ ಗೋಜಿಲ್ಲ. ಅಂಗಡಿಯವರೇ ಬಂದು ಕೂರಿಸಿ ಹೋಗುತ್ತಾರೆ. ಮನೆ ಅವರದು, ಹಣವೂ ಅವರದೇ. ಆದರೂ ಬಾಗಿಲನ್ನು ಕೀಳುವ ಮೊದಲು ಅವರು ಸ್ಥಳೀಯ ಆಡಳಿತದ ಅನುಮತಿ ಕೇಳಬೇಕಾಗಬಹುದು. ಸ್ವಂತ ಮನೆಯ ಬಾಗಿಲಿಗೆ ಊರಿನ ಅಪ್ಪಣೆ ಏಕೆ?

ಉತ್ತರಕ್ಕಾಗಿ 1967ನೇ ಇಸವಿಗೆ ಹೋಗಬೇಕು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ರಸ್ತೆ ಅಗಲಿಸಲು, ಕಚೇರಿ ಕಟ್ಟಲು ಹಳೆಯ ಬೀದಿಗಳನ್ನು ಒಂದೊಂದಾಗಿ ಕೆಡವತೊಡಗಿದರು. ಹೆಸರಾಂತ ಕಟ್ಟಡಗಳ ಪಟ್ಟಿಯೊಂದು ಆಗಲೇ ಇತ್ತು. ಅವಕ್ಕೆ ಕಾನೂನಿನ ರಕ್ಷಣೆಯೂ ಇತ್ತು. ಆದರೆ ಸಾಧಾರಣ ಮನೆಗಳ ಒಂದು ಸಾಲು, ಒಂದು ಚೌಕ, ಒಂದು ಓಣಿ ಸೇರಿ ಊರಿಗೆ ಕೊಡುವ ಕಳೆಯನ್ನು ಕಾಯುವವರಿರಲಿಲ್ಲ. ಈ ಕೊರತೆಯನ್ನು ಗುರುತಿಸಿದವರು ಡಂಕನ್ ಸ್ಯಾಂಡಿಸ್. 1957ರಲ್ಲಿ ‘ಸಿವಿಕ್ ಟ್ರಸ್ಟ್’ ಸ್ಥಾಪಿಸಿದ ಈ ಸಂಸದರು ಮಂಡಿಸಿದ ಮಸೂದೆಯೇ 1967ರಲ್ಲಿ ‘ಸಿವಿಕ್ ಅಮೆನಿಟೀಸ್ ಕಾಯ್ದೆ’ಯಾಯಿತು. ಇಡೀ ಪ್ರದೇಶವನ್ನೇ ‘ಸಂರಕ್ಷಿತ ಪ್ರದೇಶ’ವೆಂದು ಘೋಷಿಸುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ದೊರೆಯಿತು. ಅದೇ ವರ್ಷ ಲಿಂಕನ್‌ಶೈರ್‌ನ ಸ್ಟ್ಯಾಮ್‌ಫರ್ಡ್ ಪಟ್ಟಣ ಈ ಮನ್ನಣೆ ಪಡೆದ ಮೊದಲ ಊರಾಯಿತು. ಜಾರ್ಜ್ ಎಲಿಯಟ್ಟಳ ‘ಮಿಡ್ಲ್‌ಮಾರ್ಚ್’ ಕಾದಂಬರಿಯನ್ನು ಬಿಬಿಸಿ 1994ರಲ್ಲಿ ಧಾರಾವಾಹಿಯಾಗಿ ತೋರಿಸಿದಾಗ ಚಿತ್ರೀಕರಣಕ್ಕೆ ಆರಿಸಿಕೊಂಡದ್ದು ಸ್ಟ್ಯಾಮ್‌ಫರ್ಡಿನ ಬೀದಿಗಳನ್ನೇ. ಇಂದು ಇಂಗ್ಲೆಂಡಿನಲ್ಲಿ ಸುಮಾರು 10,000 ಸಂರಕ್ಷಿತ ಪ್ರದೇಶಗಳಿವೆ.

ನಿಯಮ ಎಲ್ಲ ಮನೆಗೂ ಒಂದೇ ಅಲ್ಲ

ಸಂರಕ್ಷಿತ ಪ್ರದೇಶವೆಂದರೆ ಮೊಳೆ ಹೊಡೆಯಲೂ ಅಪ್ಪಣೆ ಬೇಕೆಂದು ತಿಳಿಯಬಾರದು. ಇಂಗ್ಲೆಂಡಿನ ನಿಯಮಗಳಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು. ಮನೆ ರಾಷ್ಟ್ರೀಯ ಪಟ್ಟಿಯಲ್ಲಿದ್ದರೆ, ಅದರ ಸ್ವರೂಪ ಕೆಡಿಸಬಹುದಾದ ಯಾವ ಬದಲಾವಣೆಗೂ ಮುಂಚಿತವಾಗಿ ಒಪ್ಪಿಗೆ ಬೇಕು. ಪಡೆಯದಿದ್ದರೆ ಅದು ಅಪರಾಧ. ಪಟ್ಟಿಯಲ್ಲಿಲ್ಲದ, ಒಂದೇ ಸಂಸಾರ ವಾಸಿಸುವ ಮನೆಯಾದರೆ, ಹಳೆಯದನ್ನು ಹೋಲುವ ಬಾಗಿಲನ್ನು ಸಾಮಾನ್ಯವಾಗಿ ಅನುಮತಿಯಿಲ್ಲದೆಯೇ ಹಾಕಬಹುದು. ಆದರೆ ಆ ಬೀದಿಗೆ ಸ್ಥಳೀಯ ಆಡಳಿತ ‘ಆರ್ಟಿಕಲ್ 4’ ಎಂಬ ವಿಶೇಷ ಆದೇಶ ಹೊರಡಿಸಿದ್ದರೆ ಈ ಸ್ವಾತಂತ್ರ್ಯ ಮೊಟಕಾಗುತ್ತದೆ. ಬಾಗಿಲು, ಕಿಟಕಿಯಂಥವಕ್ಕೂ ಅರ್ಜಿ ಹಾಕಬೇಕಾಗುತ್ತದೆ. ಮಹಡಿ ಮಹಡಿಯಾಗಿ ಫ್ಲ್ಯಾಟುಗಳಿರುವ ಕಟ್ಟಡಗಳಿಗೂ ಈ ಸ್ವಾತಂತ್ರ್ಯ ಅನ್ವಯಿಸದು. ಆದ್ದರಿಂದ ಮೊದಲ ಕೆಲಸ ಬಡಗಿಯನ್ನು ಕರೆಯುವುದಲ್ಲ, ಕಚೇರಿಯಲ್ಲಿ ವಿಚಾರಿಸುವುದು.

ಬಾಗಿಲಲ್ಲಿ ಓದಬಹುದಾದ ಚರಿತ್ರೆ

ಇಷ್ಟೆಲ್ಲ ಕಟ್ಟುಪಾಡಿಗೆ ಯೋಗ್ಯವಾದದ್ದು ಬಾಗಿಲಿನಲ್ಲಿ ಏನಿದೆ? 18ನೇ ಶತಮಾನದ ಇಂಗ್ಲಿಷ್ ಮನೆಯ ಬಾಗಿಲಿಗೆ ಸಾಮಾನ್ಯವಾಗಿ ಆರು ಅಂಕಣಗಳು. ವಿಕ್ಟೋರಿಯಾ ರಾಣಿಯ ಕಾಲಕ್ಕೆ (1837–1901) ನಾಲ್ಕು ಅಂಕಣದ ಬಾಗಿಲು ಹೆಚ್ಚು ಬಳಕೆಗೆ ಬಂತು. ಸಾಲು ಮನೆಗಳ ಅಕ್ಕಪಕ್ಕದ ಗೋಡೆಗಳಲ್ಲಿ ಕಿಟಕಿ ಇಡುವಂತಿಲ್ಲವಾದ್ದರಿಂದ ಒಳಗಿನ ನಡುಹಾದಿ ಕತ್ತಲು. ಅದಕ್ಕೆ ಬೆಳಕು ತರಲು ಬಾಗಿಲ ನೆತ್ತಿಯ ಮೇಲೆ ಗಾಜಿನ ಕಿಂಡಿ ಇಟ್ಟರು. ಬಿಚ್ಚಿದ ಬೀಸಣಿಗೆಯಂತೆ ಕಾಣುತ್ತಿದ್ದುದರಿಂದ ಅದಕ್ಕೆ ‘ಫ್ಯಾನ್‌ಲೈಟ್’ ಎಂಬ ಹೆಸರು.

ಬಾಗಿಲ ನಡುವಿನ ಕಾಗದದ ಸೀಳುಗಂಡಿಗೂ ಒಂದು ಕಥೆಯಿದೆ. 1840ಕ್ಕೆ ಮುಂಚೆ ಅಂಚೆಯ ಖರ್ಚನ್ನು ಸಾಮಾನ್ಯವಾಗಿ ಕಾಗದ ಪಡೆದವರೇ ಕೊಡುತ್ತಿದ್ದರು. ಹಣ ಕೈಗೆ ಬರುವವರೆಗೆ ಅಂಚೆಯವನು ಹೊರಗೆ ಕಾಯಬೇಕಿತ್ತು. ಆ ವರ್ಷ ಒಂದು ಪೆನ್ನಿಯ ಅಂಚೆಚೀಟಿ ಬಂತು. ಹಣ ಮೊದಲೇ ಸಂದಾಯವಾಯಿತು. ಕಾಯುವ ಅಗತ್ಯವಿಲ್ಲದ ಮೇಲೆ ಕಾಗದವನ್ನು ಒಳಗೆ ತೂರಿಸಿದರೆ ಸಾಕಲ್ಲವೇ? ಬಾಗಿಲುಗಳಲ್ಲಿ ಸೀಳುಗಂಡಿಗಳು ಕಾಣಿಸಿಕೊಳ್ಳತೊಡಗಿದವು. ಅಂಚೆಯ ಒಂದು ಸುಧಾರಣೆ ಬಡಗಿಯ ಕೆಲಸವನ್ನೇ ಬದಲಿಸಿತು.

ಅಂಕಣಗಳು ಬರಿಯ ಅಲಂಕಾರವಲ್ಲ. ಅಲ್ಲಿ ವಿಜ್ಞಾನವೂ ಇದೆ. ಮರ ತೇವ ಹೀರಿದಾಗ ಅಗಲಕ್ಕೆ ಹಿಗ್ಗುತ್ತದೆ; ಎಳೆಯ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ. ಮಳೆಗಾಲದಲ್ಲಿ ಮಲೆನಾಡಿನ ಮನೆಯ ಬಾಗಿಲು ಬಿಗಿಯಾಗಿ, ಹೆಗಲು ಕೊಟ್ಟು ನೂಕಬೇಕಾಗುವುದೂ ಇದೇ ಕಾರಣಕ್ಕೆ. ಅಗಲವಾದ ಹಲಗೆಯಿಂದಲೇ ಬಾಗಿಲು ಮಾಡಿದರೆ ಅದು ಒಮ್ಮೆ ಉಬ್ಬಿ, ಒಮ್ಮೆ ಸೀಳುತ್ತದೆ. ಆದ್ದರಿಂದ ಬಡಗಿಗಳು ಕಿರಿದಾದ ಪಟ್ಟಿಗಳಿಂದ ಚೌಕಟ್ಟು ಕಟ್ಟಿದರು. ಒಂದು ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ಗುಂಡಿಯೊಳಗೆ ಬಿಗಿಯಾಗಿ ಕೂರಿಸಿದರು. ನಡುವಿನ ತೆಳು ಹಲಗೆಗಳನ್ನು ಮಾತ್ರ ಅಂಟು ಹಾಕದೆ ಗಾಡಿಯೊಳಗೆ ಸಡಿಲವಾಗಿ ಬಿಟ್ಟರು. ಹಲಗೆ ತನ್ನ ಪಾಡಿಗೆ ಹಿಗ್ಗಿ ಕುಗ್ಗುತ್ತದೆ. ಬಾಗಿಲಿನ ಅಳತೆ ಹೆಚ್ಚೇನೂ ಬದಲಾಗದು.

ಈ ಜೋಡಣೆಯ ಇನ್ನೊಂದು ಗುಣವೇ ಆ ಕುಟುಂಬಕ್ಕೆ ಮುಖ್ಯವಾದದ್ದು. ಬಿಡಿಬಿಡಿಯಾಗಿ ಕಟ್ಟಿದ್ದನ್ನು ಬಿಡಿಬಿಡಿಯಾಗಿಯೇ ರಿಪೇರಿ ಮಾಡಬಹುದು. ಕೆಳಗಿನ ಪಟ್ಟಿ ಕೊಳೆತಿದ್ದರೆ ಕೊಳೆತಷ್ಟನ್ನೇ ಕತ್ತರಿಸಿ, ಅದೇ ಜಾತಿಯ ಒಣಗಿದ ಮರವನ್ನು ಬೆಸೆದರೆ ಸಾಕು. ಹಳೆಯ ಬಾಗಿಲುಗಳು ಹೆಚ್ಚಾಗಿ ಬಾಲ್ಟಿಕ್, ಸ್ಕ್ಯಾಂಡಿನೇವಿಯಾ ಕಡೆಯ ಪೈನ್ ಮರದವು. ಚಳಿನಾಡಿನಲ್ಲಿ ನಿಧಾನವಾಗಿ ಬೆಳೆದದ್ದರಿಂದ ಅದರ ಉಂಗುರಗಳು ಒತ್ತೊತ್ತಾಗಿದ್ದು ಮರ ಗಟ್ಟಿ. ಪ್ಲಾಸ್ಟಿಕ್ ಬಾಗಿಲು ಬಿರುಕು ಬಿಟ್ಟರೆ ಹೀಗೆ ಬೆಸೆಯುವಂತಿಲ್ಲ. ಸಾಮಾನ್ಯವಾಗಿ ಇಡೀ ಬಾಗಿಲನ್ನೇ ಎಸೆಯಬೇಕು.

ಚಳಿಯ ಮಾತೇನು? ಗಾಳಿ ಬರುವುದು ಬಹುಮಟ್ಟಿಗೆ ಸಂದಿಯಿಂದ, ಮರದಿಂದಲ್ಲ. ಚೌಕಟ್ಟಿನ ಅಂಚಿಗೆ ಕುಚ್ಚಿನ ಪಟ್ಟಿ, ಕಾಗದದ ಗಂಡಿಗೆ ಒಳಮುಚ್ಚಳ, ಬಾಗಿಲ ಹಿಂದೆ ದಪ್ಪನೆಯ ಪರದೆ – ಇಷ್ಟರಿಂದಲೇ ಮನೆ ಎಷ್ಟೋ ಬೆಚ್ಚಗಾಗುತ್ತದೆ. ಹೆತ್ತವರು ಮರೆಯಬಾರದ ಎಚ್ಚರಿಕೆಯೊಂದಿದೆ. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಅದನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಮಕ್ಕಳ ಬುದ್ಧಿ ಬೆಳವಣಿಗೆಗೆ ಹಾನಿಕರ. ಮೊದಲು ಪರೀಕ್ಷೆ ಮಾಡಿಸಬೇಕು. ಕೆರೆಯುವಾಗ ಮಕ್ಕಳು ಹತ್ತಿರ ಸುಳಿಯಬಾರದು.

ಬದಲಿಸಲೇಬೇಕಾದರೆ

ಕೆಲವು ಬಾಗಿಲುಗಳು ರಿಪೇರಿಯ ಹಂತ ಮೀರಿರುತ್ತವೆ. ಇನ್ನು ಕೆಲವು ಮನೆಗಳಲ್ಲಿ ಹಿಂದಿದ್ದವರೇ ಹಳೆಯದನ್ನು ಕಿತ್ತು ಬೇರೇನನ್ನೋ ಹಾಕಿರುತ್ತಾರೆ. ಆಗ ನೋಡಬೇಕಾದದ್ದು ನೆರೆಮನೆಯ ಬಾಗಿಲನ್ನು. ಒಟ್ಟಿಗೇ ಕಟ್ಟಿದ ಸಾಲಿನಲ್ಲಿ ಮೂಲ ಬಾಗಿಲು ಎಲ್ಲೋ ಒಂದೆಡೆ ಉಳಿದಿರುವುದುಂಟು. ಅಂಕಣಗಳ ಅಳತೆ, ಅಂಚಿನ ಕೆತ್ತನೆಯನ್ನು ಅದರಿಂದ ತೆಗೆದುಕೊಳ್ಳಬೇಕು. ಬಾಗಿಲ ಸುತ್ತಿನ ಹಳೆಯ ಚೌಕಟ್ಟನ್ನೂ ನೆತ್ತಿಯ ಗಾಜನ್ನೂ ಮುಟ್ಟಬಾರದು. ಸಿದ್ಧ ಅಳತೆಯ ಬಾಗಿಲು ತರುವವರು ಎಡವುವುದು ಇಲ್ಲಿಯೇ. ಅದನ್ನು ಹೊಂದಿಸಲು ಚೌಕಟ್ಟನ್ನು ಕಿರಿದುಮಾಡಿ ಗಾಜನ್ನು ಮುಚ್ಚುತ್ತಾರೆ, ನಡುಹಾದಿಗೆ ಮತ್ತೆ ಕತ್ತಲು. ಬಾಗಿಲು ಬಡಿಯುವ ಹಿತ್ತಾಳೆಯ ಬಳೆ, ಹಿಡಿಕೆಗಳನ್ನು ಹೊಸ ಬಾಗಿಲಿಗೂ ಹಾಕಬಹುದು.

ಇದರಲ್ಲಿ ಅನ್ಯಾಯವಿಲ್ಲವೆಂದು ಹೇಳುವಂತಿಲ್ಲ. ಹಳೆಯ ಮಾದರಿಯಲ್ಲಿ ಮಾಡಿಸಿದ ಮರದ ಬಾಗಿಲಿಗೆ ಕಾರ್ಖಾನೆಯ ಬಾಗಿಲಿಗಿಂತ ಹೆಚ್ಚು ಹಣ ಬೇಕು. ಖರ್ಚು ಒಂದು ಕುಟುಂಬದ್ದು, ಅಂದ ಇಡೀ ಬೀದಿಯದು. ಸಾಲದ ಕಂತು ಕಟ್ಟುತ್ತಿರುವ ಮನೆಯವರಿಗೆ ಇದು ಸಣ್ಣ ಮಾತಲ್ಲ. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಇಪ್ಪತ್ತರಲ್ಲಿ ಒಂದು ಬಾಗಿಲು ಬದಲಾದರೆ ಯಾರಿಗೂ ಏನೂ ಅನ್ನಿಸದು. ಎರಡನೆಯವರು ಮೊದಲನೆಯವರನ್ನು ತೋರಿಸುತ್ತಾರೆ, ಮೂರನೆಯವರು ಇಬ್ಬರನ್ನೂ ತೋರಿಸುತ್ತಾರೆ. ಹತ್ತನೆಯದು ಬದಲಾಗುವ ಹೊತ್ತಿಗೆ ಬೀದಿಯೇ ಬೇರೆ. ಯಾರೂ ಬೀದಿಯನ್ನು ಕೆಡವಲಿಲ್ಲ. ಆದರೂ ಅದು ಉಳಿಯಲಿಲ್ಲ. ಕಾನೂನು ತಡೆಯಲು ಹೊರಟಿರುವುದು ಈ ಸದ್ದಿಲ್ಲದ ನಷ್ಟವನ್ನು. ತಮ್ಮ ಬಾಗಿಲಿನ ವಿಷಯದಲ್ಲಿ ಕಟ್ಟುಬಿದ್ದ ಕುಟುಂಬಕ್ಕೆ ಉಳಿದ ಹತ್ತೊಂಬತ್ತು ಬಾಗಿಲುಗಳ ಚೆಲುವು ಅದೇ ಕಾನೂನಿನಿಂದ ದೊರೆಯುತ್ತದೆ.

ವಿದ್ಯಾರ್ಥಿಗಳು ಇಂದು ಸಂಜೆ ತಮ್ಮ ಮನೆಯ, ಇಲ್ಲವೇ ಅಜ್ಜಿಯ ಮನೆಯ ಬಾಗಿಲ ಮುಂದೆ ಐದು ನಿಮಿಷ ನಿಲ್ಲಲಿ. ಎಷ್ಟು ಪಟ್ಟಿಗಳಿವೆ, ಎಲ್ಲಿ ಕೂಡಿಸಿದ್ದಾರೆ, ಯಾವ ಹಲಗೆ ಸಡಿಲವಾಗಿದೆ ಎಂದು ನೋಡಲಿ. ಕಟ್ಟಿದವರು ಯಾರೆಂದು ಮನೆಯ ಹಿರಿಯರನ್ನು ಕೇಳಲಿ. ಆ ಬಾಗಿಲನ್ನು ಬದಲಿಸುವ ಮಾತು ಮನೆಯಲ್ಲಿ ಎಂದಾದರೂ ಬಂದರೆ, ‘ರಿಪೇರಿ ಆಗುವುದಿಲ್ಲವೇ?’ ಎಂಬ ಪ್ರಶ್ನೆಯನ್ನು ಮೊದಲು ಕೇಳುವವರು ಅವರೇ ಆಗಲಿ.