ಮರೆವಿನ ಪರೀಕ್ಷೆ ಮನೆಮಾತಿನಲ್ಲೇ ನಡೆಯಲಿ

ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ? ಹತ್ತು ಪದ ಕೇಳಿಸಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ಎಷ್ಟು ನೆನಪಿರುತ್ತವೆ? ವಯಸ್ಸಾದವರ ಬಗ್ಗೆ 2017-18ರಲ್ಲಿ ದೇಶದಾದ್ಯಂತ ನಡೆದ 'ಲಾಸಿ' ಸಮೀಕ್ಷೆಯಲ್ಲಿ ಇಂಥ ಪ್ರಶ್ನೆಗಳಿದ್ದವು. ಮುಂಬೈನ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ, ಕೈಹಿಡಿತದ ಬಲ ಅಳೆದು, ನಾಲ್ಕು ಮೀಟರ್ ನಡೆಸಿ ನೋಡಿತು. ದೊಡ್ಡ ಕೆಲಸವೇ ಸರಿ. ಆದರೆ ಅದರ ಲೆಕ್ಕ ರಾಜ್ಯದ ಮಟ್ಟಕ್ಕೆ ನಿಲ್ಲುತ್ತದೆ. ಮಹಾರಾಷ್ಟ್ರದ ಗಡಿ ತಾಲ್ಲೂಕುಗಳಾದ ಉಮರಗಾ, ನಿಲಂಗಾ, ಉದಗೀರದ ಕನ್ನಡ ಮನೆಗಳ ಹಿರಿಯರು ಹೇಗಿದ್ದಾರೆಂದು ಅದರಿಂದ ತಿಳಿಯುವುದಿಲ್ಲ.

ಉಮರಗಾ ತಾಲ್ಲೂಕಿನಲ್ಲಿ ಒಬ್ಬಳೇ ಇರುವ ನನ್ನ ದೊಡ್ಡವ್ವನಿಗೆ ಎಂಬತ್ತು ದಾಟಿದೆ. ಮಗ ಪುಣೆಯಲ್ಲಿದ್ದಾನೆ. ಆಕೆಗೆ ಮರಾಠಿ ಬರುತ್ತದೆ, ಸಂತೆಗೆ, ಬಸ್ಸಿಗೆ, ತಲಾಠಿಯ ಮುಂದೆ ಸಾಲುವಷ್ಟು. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಮರಾಠಿಯಲ್ಲಿ ಪ್ರಾಣಿಗಳ ಹೆಸರು ಕೇಳಿದಾಗ ನಾಲ್ಕೈದಕ್ಕೆ ನಿಂತುಬಿಟ್ಟಳು. ಮರೆವು ಶುರುವಾಗಿದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಮನೆಗೆ ಬಂದು ನಾನು ಕನ್ನಡದಲ್ಲಿ ಕೇಳಿದೆ. 'ಆಕಳ, ಎಮ್ಮಿ, ಹೋರಿ, ಆಡು, ಕುರಿ, ನರಿ, ತ್ವಾಳ...' ತಡೆಯಿಲ್ಲದೆ ಹೇಳುತ್ತ ಹೋದಳು. 'ಹಕ್ಕಿ ಹೆಸರೂ ಹೇಳ್ಲೇನು?' ಎಂದಳು. ಆ ಚೀಟಿ ನಂಬಿ ಮಗ ಆಕೆಯನ್ನು ಪುಣೆಗೆ ಕರೆದೊಯ್ದಿದ್ದರೆ ಸ್ವಂತ ಒಲೆ, ಕಟ್ಟೆಯ ಗೆಳತಿಯರು ಎಲ್ಲ ತಪ್ಪಿಹೋಗುತ್ತಿತ್ತು.

ಹೀಗಾಗದಂತೆ ನೋಡಿಕೊಳ್ಳಲು ಬರುತ್ತದೆ. ಹರಿಯಾಣದ ಬಲ್ಲಭಗಢದಲ್ಲಿ ಅಕ್ಷರ ಬಾರದ ಹಿರಿಯರಿಗಾಗಿಯೇ ನೆನಪಿನ ಪರೀಕ್ಷೆಯನ್ನು ಹೊಸದಾಗಿ ರೂಪಿಸಿ, 1995ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದೆ. ಅದೂ ತೆಲುಗು, ಕನ್ನಡ ಎರಡೂ ಆಡುವ ಗಡಿಸೀಮೆ.

ನಮ್ಮ ಕಡೆ ಸಮೀಕ್ಷೆ ನಡೆಸಿದರೆ ನೆನಪಿನ ಜೊತೆಗೆ ಆಸ್ಪತ್ರೆಯ ಓಡಾಟದ ಬಗ್ಗೆಯೂ ಕೇಳಬೇಕು. 75 ದಾಟಿದವರಿಗೆ ಮಹಾರಾಷ್ಟ್ರದ ಎಸ್.ಟಿ. ಬಸ್ಸು 2022ರ ಆಗಸ್ಟ್‌ನಿಂದ ಪುಕ್ಕಟೆ, ಆದರೆ ರಾಜ್ಯದ ಗಡಿಯವರೆಗೆ ಮಾತ್ರ. ಕರ್ನಾಟಕದ ಶಕ್ತಿ ಯೋಜನೆಯ ಪುಕ್ಕಟೆ ಬಸ್ಸು ಕರ್ನಾಟಕದ ನಿವಾಸಿ ಹೆಂಗಸರಿಗಷ್ಟೆ. ಗಡಿಯಾಚೆಯ ಆಳಂದ, ಬಸವಕಲ್ಯಾಣ, ಬೀದರದಲ್ಲಿ ಕನ್ನಡ ಆಡುವ ಡಾಕ್ಟರನ್ನು ಕಾಣಬೇಕೆನ್ನುವ ಮುದುಕಿಗೆ ಎರಡೂ ಪೂರ್ತಿ ಒದಗುವುದಿಲ್ಲ.

ಮುಂದಿನ ಲಾಸಿ ಸಮೀಕ್ಷೆಗೆ ಉಮರಗಾ, ನಿಲಂಗಾ, ಉದಗೀರ ತಾಲ್ಲೂಕುಗಳನ್ನು ಪ್ರತ್ಯೇಕವಾಗಿ ಆರಿಸಿಕೊಳ್ಳಿ, ಪ್ರಶ್ನೆಪತ್ರಿಕೆಯನ್ನು ಇಲ್ಲಿನ ಕನ್ನಡದಲ್ಲಿ ಸಿದ್ಧಪಡಿಸಿ. ಕೇಳುವವರು ಬೇಕೆಂದರೆ ಗಡಿಭಾಗದ ಕನ್ನಡ ಶಾಲೆಗಳಿಂದ ನಿವೃತ್ತರಾದ ನನ್ನಂಥ ಮಾಸ್ತರರಿದ್ದೇವೆ. ತರಬೇತಿ ಕೊಡಿ, ಮನೆಮನೆಗೆ ನಾವು ಹೋಗುತ್ತೇವೆ.