ಕಾಲಡಿಯ ಮುನಿ

ಒಂದು ಶ್ರಾವಣದಲ್ಲಿ ಮೊಮ್ಮಗಳೊಡನೆ ಸನ್ನತಿಗೆ ಹೋಗಿದ್ದೆ. ಚಂದ್ರಲಾಂಬೆಯ ಗುಡಿಯಿಂದ ಭೀಮೆಯತ್ತ ನಡೆಯುವಾಗ ಎರೆಹೊಲದ ಬದುವಿನ ಮೇಲೆ ಸಣ್ಣ ಸಸ್ಯವೊಂದು ನೆಲವನ್ನಪ್ಪಿ ಹಬ್ಬಿತ್ತು. ಹುಣಸೆಯೆಲೆಯನ್ನು ಹೋಲುವ ಕಿರಿಯ ಎಲೆಗಳು; ನಡುನಡುವೆ ಹಳದಿಯ ಮೆತ್ತನೆಯ ಹೂಗೊಂಚಲು. ಮಗು ಬೆರಳು ತಾಗಿಸಿದೊಡನೆ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಂಡವು. "ಅಜ್ಜಾ, ಇದೂ ಮುಟ್ಟಿದರೆ ಮುನಿ ಏನು? ಮುಳ್ಳೇ ಇಲ್ಲಲ್ಲ!" ಎಂದಳು. ಆ ಪ್ರಶ್ನೆಯೇ ಈ ತಿಂಗಳ ಲೇಖನಕ್ಕೆ ಕಾರಣ.

ನಾವೆಲ್ಲರೂ ಬಲ್ಲ ಮುಟ್ಟಿದರೆ ಮುನಿಗೆ ಮುಳ್ಳುಂಟು. ಅದರ ಹೂ ಗುಲಾಬಿ ಬಣ್ಣದ್ದು. ಅದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. 1753ರಲ್ಲಿ ಲಿನೇಯಸ್ ಅದನ್ನು 'ಮಿಮೋಸಾ ಪುಡಿಕಾ' ಎಂದು ಕರೆದನು. ಪುಡಿಕಾ ಎಂದರೆ ನಾಚುವವಳು. ಬದುವಿನ ಮೇಲಿದ್ದ ಹಳದಿ ಹೂವಿನದು 'ನೆಪ್ಚೂನಿಯ ಟ್ರೈಕ್ವೆಟ್ರಾ'. ಇದು ನಮ್ಮ ನೆಲದ್ದೇ ಸಸ್ಯ. ಬಂದ ಅತಿಥಿಯ ಹೆಸರು ಮನೆಮಾತಾಯಿತು. ಮನೆಯ ಮಗುವನ್ನು ನಾವು ಹುಲ್ಲೆಂದು ತುಳಿದೆವು.

ಎಲೆ ಮುನಿಯುವುದು ಹೇಗೆ? ಎಲೆಯ ಬುಡದಲ್ಲಿ ಉಬ್ಬಿದ ಒಂದು ಸಂದು ಇದೆ. ಅದರ ಕೋಶಗಳು ನೀರು ತುಂಬಿ ಬಿಗಿಯಾಗಿರುವವರೆಗೆ ಎಲೆ ಬಿಚ್ಚಿಕೊಂಡಿರುತ್ತದೆ. ಮುಟ್ಟಿದೊಡನೆ ವಿದ್ಯುತ್ ಸಂಕೇತವು ಹರಿದು, ಒಂದು ಪಕ್ಕದ ಕೋಶಗಳಿಂದ ಪೊಟ್ಯಾಸಿಯಂ ಮುಂತಾದ ಲವಣಾಂಶಗಳೂ ಅವುಗಳ ಬೆನ್ನಿಗೇ ನೀರೂ ಹೊರಹೋಗುತ್ತವೆ. ಆ ಪಕ್ಕ ಸಡಿಲಗೊಂಡು ಎಲೆ ಮಡಚುತ್ತದೆ. ಈ ಸಂಕೇತವನ್ನು ಉಪಕರಣಗಳಿಂದ ಅಳೆದು ತೋರಿಸಿದ ಹಿರಿಮೆ ಜಗದೀಶಚಂದ್ರ ಬೋಸರದು. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇನ್ನೂ ಸೋಜಿಗದ್ದು. ಮುಟ್ಟಿದರೆ ಮುನಿಯ ಕುಂಡಗಳನ್ನು ಸ್ವಲ್ಪ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿದಾಗ, ಅದರಿಂದ ಕೇಡಿಲ್ಲವೆಂದರಿತಂತೆ ಅವು ಮುನಿಯುವುದನ್ನೇ ಬಿಟ್ಟವು. ತಿಂಗಳೊಂದು ಕಳೆದ ಮೇಲೂ ಆ ಪಾಠವನ್ನು ಮರೆತಿರಲಿಲ್ಲ.

ಇನ್ನು ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತು. ಹಳೆಯ ವೈದ್ಯ ನಿಘಂಟುಗಳಲ್ಲಿ 'ಲಜ್ಜಾಲು' ಎಂಬ ಮೂಲಿಕೆ ಬರುತ್ತದೆ. ಇಂದು ಆ ಹೆಸರಿನಲ್ಲಿ ಬಳಕೆಯಾಗುವುದು ಬಹುಮಟ್ಟಿಗೆ ಮುಟ್ಟಿದರೆ ಮುನಿಯೇ. ಆದರೆ ಕೊಲಂಬಸನ 1492ರ ಯಾನಕ್ಕೆ ಮೊದಲೇ ರಚಿತವಾದ ಗ್ರಂಥಗಳಲ್ಲಿ ಅಮೆರಿಕದ ಗಿಡ ಹೇಗೆ ಬಂದೀತು? ಆ ಲಜ್ಜಾಲು ಈ ದೇಶದ್ದೇ ಬೇರೊಂದು ಸಸ್ಯವಾಗಿರಬೇಕು. ಕೇರಳದವರು ಮುಕ್ಕುಟ್ಟಿ ಎನ್ನುವ, ಪುಟ್ಟ ತೆಂಗಿನಂತೆ ತೋರುವ, ಮುಟ್ಟಿದರೆ ಎಲೆ ಬಾಗಿಸುವ ಗಿಡವನ್ನು ಕೆಲವು ವಿದ್ವಾಂಸರು ಸೂಚಿಸುತ್ತಾರೆ. ಹೆಸರು ಒಂದೇ ಇದ್ದ ಮಾತ್ರಕ್ಕೆ ಗುಣವೂ ಒಂದೇ ಆಗದು. ಮುಟ್ಟಿದರೆ ಮುನಿಯಲ್ಲಿ ಮಿಮೋಸಿನ್ ಎಂಬ ವಿಷಾಂಶವೂ ಉಂಟು. ಆದ್ದರಿಂದ ತಾಯಂದಿರು ಹೆಸರನ್ನಷ್ಟೇ ನಂಬಿ, ವೈದ್ಯರನ್ನು ಕೇಳದೆ, ಮಕ್ಕಳಿಗೆ ಇಂಥ ಸೊಪ್ಪಿನ ಕಷಾಯ ಕುಡಿಸಬಾರದು.

ಗುಡಿಗೆ ಮರಳಿದಾಗ ಮೊಮ್ಮಗಳಿಗೆ ಒಂದು ಕಥೆ ಹೇಳಿದೆ. 1986ರಲ್ಲಿ ಇದೇ ಆವರಣದ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಆಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಬ್ರಾಹ್ಮೀ ಅಕ್ಷರಗಳು ಬೆಳಕಿಗೆ ಬಂದವು. ನಿತ್ಯವೂ ಕೈಮುಗಿದ ತಾಣದಲ್ಲಿಯೇ ಸಾಮ್ರಾಟನ ಮಾತು ಯಾರೂ ಓದದೆ ಬಿದ್ದಿತ್ತು.

"ಹಾಗಾದರ ಈ ಹೂವನ್ನೂ ಯಾರೂ ಓದಿಲ್ಲೇನು ಅಜ್ಜಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಕಲ್ಲು ಮಣ್ಣಿನಡಿ ಶತಮಾನ ಕಾಯಬಲ್ಲದು, ಹೂ ಕಾಯಲಾರದು. ತೊಗರಿ ಹೊಲದ ಬದುವಿಗೂ ಕಳೆನಾಶಕ ಸಿಂಪಡಿಸುವ ಕಾಲವಿದು. ಬದುವಿನಲ್ಲಿ ನಾಲ್ಕು ಮೊಳವನ್ನಾದರೂ ಸಿಂಪಡಿಸದೆ ಬಿಡೋಣ. ಮುನಿ ಎಂದರೆ ಸಿಟ್ಟಾಗು ಎಂದೂ ಅರ್ಥ, ಮೌನದಲ್ಲಿರುವ ತಪಸ್ವಿ ಎಂದೂ ಅರ್ಥ. ನಮ್ಮ ಕಾಲಡಿಯವನು ಎರಡನೆಯ ಬಗೆಯವನು. ಕಂಡಾಗ ಬಾಗಿ ನೋಡಿದರೆ ಸಾಕು.